ತೂಕ ನೋಡಿ ಅಲಿಯನ್ನು ಅಳೆಯಬೇಡ ಮಾರಾಯ

ಪ್ರೀತಿಯ ಗೆಳೆಯ,

ಮೊನ್ನೆ ಪಣಂಬೂರಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲೇ ಉಂಟು. "ಈಗಿನ ಟೈಸನ್ ಫ್ಯೂರಿ ಎದುರು ನಿನ್ನ ಮಹಮ್ಮದ್ ಅಲಿ ಎರಡು ರೌಂಡ್ ನಿಲ್ಲುವುದಿಲ್ಲ" ಅಂದೆಯಲ್ಲ, ಆ ಬಾಕ್ಸಿಂಗ್ ಮಾತು. ಎಲ್ಲರೂ ಇದ್ದರು, ಅಲ್ಲಿ ವಾದ ಬೇಡ ಅಂತ ಸುಮ್ಮನಾದೆ. ಈಗ ಪೂರ್ತಿ ಬರೆಯುತ್ತೇನೆ, ಓದು.

ನಿನ್ನ ಮಾತಿನಲ್ಲಿ ನಿಜವೂ ಇದೆ. ಹೆವಿವೇಟ್, ಅಂದರೆ ಎಲ್ಲಕ್ಕಿಂತ ಭಾರದ ವಿಭಾಗದ ಬಾಕ್ಸರ್‌ಗಳು ಮೊದಲಿಗಿಂತ ತುಂಬ ದೊಡ್ಡವರಾಗಿದ್ದಾರೆ. ರಾಕಿ ಮಾರ್ಸಿಯಾನೊ 49 ಪಂದ್ಯ ಆಡಿ, ಅಷ್ಟನ್ನೂ ಗೆದ್ದು 1956ರಲ್ಲಿ ನಿವೃತ್ತನಾದ. ಆದರೆ ಅವನ ತೂಕ ಸುಮಾರು 85 ಕಿಲೋ, ಎತ್ತರ ಆರು ಅಡಿಯೂ ಇಲ್ಲ. ಈಗ 90.7 ಕಿಲೋದೊಳಗಿನವರಿಗೆ ಕ್ರೂಸರ್‌ವೇಟ್ ಅಂತ ಬೇರೆ ವಿಭಾಗವೇ ಇದೆ. ಮಾರ್ಸಿಯಾನೊ ಇವತ್ತು ಬಂದರೆ ಅಲ್ಲಿ ಆಡಬೇಕು. ಆರು ಅಡಿ ಒಂಬತ್ತು ಇಂಚಿನ ಫ್ಯೂರಿಯ ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ) ದಾಟಿ ಒಳಗೆ ನುಗ್ಗುವುದು ಅವನಿಂದ ಆಗುತ್ತದೆ ಎಂದು ನನಗೂ ಅನಿಸುವುದಿಲ್ಲ.

ಅಲಿಯ ವಿಷಯ ಹಾಗಲ್ಲ. ಅವನ ಎತ್ತರ ಆರು ಅಡಿ ಮೂರು ಇಂಚು, ರೀಚ್ (ಎರಡೂ ಕೈ ಚಾಚಿದಾಗಿನ ಅಳತೆ) 78 ಇಂಚು. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಆಗಿನ ಚಾಂಪಿಯನ್ ಜಾರ್ಜ್ ಫೋರ್‌ಮನ್‌ನನ್ನು ಎಂಟನೇ ರೌಂಡಿನಲ್ಲಿ ಕೆಡವಿದಾಗ ತೂಕ 98 ಕಿಲೋ. ಈಗ ಉಕ್ರೇನಿನ ಬಾಕ್ಸರ್ ಒಲೆಕ್ಸಾಂಡರ್ ಉಸಿಕ್‌ನನ್ನು ನೋಡು. ಎತ್ತರ ಅಷ್ಟೇ, ರೀಚ್ ಕೂಡ ಅಷ್ಟೇ. 2024ರ ಮೇ 18ರಂದು ರಿಯಾದ್‌ನಲ್ಲಿ ಅವನು 101 ಕಿಲೋ, ಫ್ಯೂರಿ 119. ಒಂಬತ್ತನೇ ರೌಂಡಿನಲ್ಲಿ ಆ ದೈತ್ಯ ಹಗ್ಗದ ಪಕ್ಕ ತೂರಾಡುತ್ತಿದ್ದ, ಬಿದ್ದವನಿಗೆ ಎಣಿಸುವ ಹಾಗೆ ರೆಫರಿ ಎಣಿಸಬೇಕಾಯಿತು. ಗೆದ್ದವನು ಉಸಿಕ್. ಡಿಸೆಂಬರ್‌ನಲ್ಲಿ ಫ್ಯೂರಿ 127 ಕಿಲೋ ಆಗಿ ಬಂದ. ಮತ್ತೆ ಸೋತ. ಮೂವರು ಜಡ್ಜ್‌ಗಳೂ ಉಸಿಕ್ ಪರ 116-112 ಅಂಕ ಕೊಟ್ಟರು. ಅಲಿಯದೇ ಅಳತೆಯ ಒಬ್ಬ ಮನುಷ್ಯ ಇದನ್ನು ಎರಡೆರಡು ಸಲ ಮಾಡಿ ತೋರಿಸಿದ ಮೇಲೆ, ಅಲಿಯಿಂದ ಯಾಕೆ ಆಗುವುದಿಲ್ಲ ಹೇಳು?

ಹಾಗೆ ನೋಡಿದರೆ ಇದು ಹೊಸತೂ ಅಲ್ಲ. 1919ರಲ್ಲಿ ಜ್ಯಾಕ್ ಡೆಂಪ್ಸಿ ತನಗಿಂತ 25 ಕಿಲೋ ಜಾಸ್ತಿ ಇದ್ದ ಜೆಸ್ ವಿಲರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ್ದ.

ಆದರೆ ನನ್ನ ನಿಜವಾದ ತಕರಾರು ತೂಕದ್ದಲ್ಲ, ನೀನು ಹೋಲಿಸುವ ರೀತಿಯದ್ದು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಎಲ್ಲರೂ ಅದನ್ನು 100 ಮೀಟರಿಗೆ ಇಳಿಸಿ ಬೋಲ್ಟ್ ಪಕ್ಕ ಇಟ್ಟರು. ಆಗ ಸಿಟ್ಟು ಬಂದದ್ದು ನಿನಗೇ ಅಲ್ವಾ? ಕಂಬಳದ ಕೆಸರಿನ ಕರೆಯಲ್ಲಿ ಕೋಣಗಳ ಜೊತೆ ಓಡುವುದು ಬೇರೆ, ಟ್ರ್ಯಾಕ್‌ನಲ್ಲಿ ಒಬ್ಬನೇ ಓಡುವುದು ಬೇರೆ ಅಂತ ಎಲ್ಲರ ಬಾಯಿ ಮುಚ್ಚಿಸಿದ್ದೆ. ಇಲ್ಲಿಯೂ ಅದೇ ನ್ಯಾಯ ಇರಲಿ. ಅಲಿ ಆಡಿದ್ದು 15 ರೌಂಡಿನ ಆಟ. ಈಗಿನದು 12.

ಮೂರು ರೌಂಡ್ ಅಂದರೆ ಒಂಬತ್ತೇ ನಿಮಿಷ. ಆದರೆ ಆ ಒಂಬತ್ತು ನಿಮಿಷ ಬರುವುದು 36 ನಿಮಿಷ ಹೊಡೆದಾಡಿದ ಮೇಲೆ. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಅಲಿ ಮತ್ತು ಅವನ ಹಳೆ ಎದುರಾಳಿ ಜೋ ಫ್ರೇಜಿಯರ್ ಬೆಳಿಗ್ಗೆ ಹೊತ್ತಿನಲ್ಲಿ, ಭಯಂಕರ ಸೆಖೆಯಲ್ಲಿ 14 ರೌಂಡ್ ಬಡಿದಾಡಿದರು. ಫ್ರೇಜಿಯರ್‌ನ ಕಣ್ಣು ಊದಿ ಮುಚ್ಚಿಹೋಗಿತ್ತು. ಅವನ ಕೋಚ್ ಎಡ್ಡಿ ಫಚ್ 15ನೇ ರೌಂಡಿಗೆ ಕಳಿಸಲಿಲ್ಲ. 120 ಕಿಲೋ ಮೈ ಹೊತ್ತು, ಎದುರಾಳಿಯ ಮೇಲೆ ಒರಗಿ ಉಸಿರು ಎಳೆದುಕೊಂಡು 12 ರೌಂಡ್ ದಾಟಿಸಬಹುದು. ಮನಿಲಾದಂಥ ಪಂದ್ಯದಲ್ಲಿ ಆ ಮೈಯೇ ಭಾರವಾಗುತ್ತದೆ. ಆ ಕಾಲದವರು ತೂಕ ಕಮ್ಮಿ ಇಟ್ಟುಕೊಂಡದ್ದಕ್ಕೆ ಇದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

15 ರೌಂಡ್ ವಾಪಸ್ ಬರಲಿ ಅಂತ ಮಾತ್ರ ನಾನು ಯಾವತ್ತೂ ಹೇಳುವುದಿಲ್ಲ. 1982ರಲ್ಲಿ ಅಮೆರಿಕದ ಬಾಕ್ಸರ್ ಮ್ಯಾನ್ಸಿನಿ ಜೊತೆ ಆಡಿದ ಕೊರಿಯಾದ ಹುಡುಗ ಕಿಮ್ ಡುಕ್-ಕೂ 14ನೇ ರೌಂಡಿನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ. ಆಮೇಲೆಯೇ 12 ಆದದ್ದು. ಒಳ್ಳೆಯದೇ ಆಯಿತು. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ಗೊತ್ತಾಯಿತು. ಮುಂದೆ ಅವನ ಕೈ ನಡುಗುವುದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು.

ಇನ್ನೊಂದು ಮಾತು. ಆಗಿನವರು ಎಷ್ಟು ಸಲ ರಿಂಗಿಗೆ ಇಳಿಯುತ್ತಿದ್ದರು ನೋಡು. 1966 ಒಂದೇ ವರ್ಷದಲ್ಲಿ ಅಲಿ ಐದು ಸಲ ಪಟ್ಟ ಉಳಿಸಿಕೊಂಡ. ಅವನಿಗೂ ಹಿಂದಿನ ಚಾಂಪಿಯನ್ ಜೋ ಲೂಯಿಸ್ ಒಟ್ಟು 25 ಸಲ. ಫ್ಯೂರಿ 2023ರಲ್ಲಿ ಆಡಿದ್ದು ಒಂದೇ ಪಂದ್ಯ. ಅದೂ ಬಾಕ್ಸಿಂಗ್‌ಗೆ ಹೊಸಬನಾದ ಎಂಗಾನು ಜೊತೆ, ಅದರಲ್ಲೂ ಒಮ್ಮೆ ಕೆಳಗೆ ಬಿದ್ದ. ಈಗಿನವರ ಊಟ, ಜಿಮ್, ಡಾಕ್ಟರ್ ಎಲ್ಲ ಚೆನ್ನಾಗಿರಬಹುದು. ಆದರೆ ಪಂದ್ಯ ಆಡಿ ಆಡಿ ಬರುವ ಬುದ್ಧಿ ಜಿಮ್‌ನಲ್ಲಿ ಸಿಗುವುದಿಲ್ಲ.

ನೀನು ನೋಡಿದ ಅಲಿ ಕಿನ್ಶಾಸಾ, ಮನಿಲಾದವನು. ಸೈನ್ಯಕ್ಕೆ ಸೇರುವುದಿಲ್ಲ ಎಂದದ್ದಕ್ಕೆ ಮೂರೂವರೆ ವರ್ಷ ಕಳೆದುಕೊಂಡು ವಾಪಸ್ ಬಂದವನು. ಆಗಲೇ ಕಾಲು ನಿಧಾನವಾಗಿತ್ತು. 1966ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಜೊತೆ ಆಡಿದ್ದನ್ನು ನೋಡು. ಮೂರೇ ರೌಂಡ್. ಅಲಿಯ ಕೈ ನೋಡಬೇಡ, ಕಾಲು ನೋಡು.

ಹಾಗಾದರೆ ಆ ಅಲಿಗೂ ಉಸಿಕ್‌ಗೂ ಬಿದ್ದರೆ? ಉಸಿಕ್ ಎಡಚ. ಎಡಗೈ ಬಾಕ್ಸರ್ ಎದುರು ಅಲಿಗೆ ಸುಲಭ ಆಗಿರಲಿಲ್ಲ, ಅದೇ ವರ್ಷ ಫ್ರಾಂಕ್‌ಫರ್ಟ್‌ನಲ್ಲಿ ಮಿಲ್ಡೆನ್‌ಬರ್ಗರ್‌ನನ್ನು ಮುಗಿಸಲು 12ನೇ ರೌಂಡ್‌ವರೆಗೆ ಹೋಗಬೇಕಾಯಿತು. ಅದಕ್ಕೇ 12 ರೌಂಡಾದರೆ ಕೂದಲೆಳೆಯಲ್ಲಿ ಉಸಿಕ್ ಅನ್ನುತ್ತೇನೆ. 15 ಆದರೆ ಅಲಿಯೇ. ನಿನ್ನ ಲೆಕ್ಕ ಎಂತ? ಉಡುಪಿಯಿಂದ ಈ ಕಡೆ ಬರುವ ಮೊದಲು ಬರೆ.

ನಿನ್ನ ಗೆಳೆಯ
ಕದ್ರಿ, ಮಂಗಳೂರು