ಆಧಾರ್, ಪಾಸ್‌ಬುಕ್ ಫೋಟೊ ಇಲ್ಲಿ ಹಾಕಬೇಡಿ

ಶಿರಸಿ ಗುಂಪಿನ ಎಲ್ಲರಿಗೂ ನಮಸ್ಕಾರ. ನಿನ್ನೆ ಅಡಿಕೆ ಲೆಕ್ಕದ ಮಧ್ಯೆ ಒಬ್ಬರು ಆಧಾರ್, ಪಾಸ್‌ಬುಕ್ ಎರಡರ ಫೋಟೊನೂ ಇಲ್ಲಿಗೇ ಹಾಕಿದ್ದರು. ಅಳಿಸಿದ್ದೇನೆ, ಆದರೆ ಅಷ್ಟರಲ್ಲಿ ಯಾರ್‍ಯಾರ ಗ್ಯಾಲರಿಯಲ್ಲಿ ಕೂತಿದೆಯೋ. ಕೊಡಲೇಬೇಕಾದರೆ ಮಾಸ್ಕ್ಡ್ ಆಧಾರ್ ಕೊಡಿ, ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ವೆಬ್‌ಸೈಟಿನಲ್ಲಿ ಸಿಗುತ್ತದೆ, ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ಕಾಣುತ್ತದೆ. ಬೆರಳಚ್ಚನ್ನೂ ಅಲ್ಲೇ ಲಾಕ್ ಮಾಡಬಹುದು. ರೇಷನ್ ಅಂಗಡಿಗೆ ಹೋಗುವ ಮುಂಚೆ ಮಾತ್ರ ತೆರೆದುಕೊಳ್ಳಿ. ಜೆರಾಕ್ಸ್ ಅಂಗಡಿಗೆ ಕಳಿಸಿದ ಫೈಲನ್ನು ಎದುರಿಗೇ ಅಳಿಸಿಸಿ (ನಾನೂ ಮರೆತು ಬಂದವನೇ). "ಮುಚ್ಚಿಡೋಕೆ ನಮ್ಮ ಹತ್ರ ಏನಿದೆ" ಅನ್ನುತ್ತೀರಿ, ಸರಿ, ಈ ಸಲ ಎಷ್ಟು ಕ್ವಿಂಟಲ್ ಅಡಿಕೆ ಮಾರಿದಿರಿ ಅಂತ ಪಕ್ಕದ ಮನೆಗೆ ಹೇಳುತ್ತೀರಾ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರಲ್ಲೇ ಹೇಳಿದ್ದಾರೆ. ಇನ್ನು ಮುಂದೆ ಇಂಥ ಫೋಟೊ ಬಂದರೆ ಕೇಳದೇ ಅಳಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.