ಲೋಟದ ತಳವನ್ನೂ ನೋಡು

ಪ್ರೀತಿಯ ತಮ್ಮಾ,

ಮ್ಯೂಸಿಯಂನ ಗಾಜಿನ ಲೋಟಗಳ ಪ್ರದರ್ಶನದ ಬಗ್ಗೆ ನೀನು ಬರೆದು ಕಳಿಸಿದ್ದನ್ನು ಎರಡು ಸಲ ಓದಿದೆ. ಈಗಿನ ಡಿಸೈನರ್ ಒಬ್ಬರ ಲೋಟಗಳನ್ನು ಹಳೆಯ ಲೋಟಗಳ ಪಕ್ಕ ಇಟ್ಟಿದ್ದು ನಿನಗೆ ತುಂಬಾ ಹಿಡಿಸಿದೆ, ಅಲ್ವಾ? ಆದರೆ 'ಹಳತು ಹೊಸತರ ಸಂವಾದ' ಅಂತ ಮೂರು ಕಡೆ ಬರೆದಿದ್ದೀಯ. ಮೂರನ್ನೂ ತೆಗೆದುಬಿಡು. ಆ ಮಾತನ್ನು ಯಾವ ಲೋಟದ ಬಗ್ಗೆ ಬೇಕಾದರೂ ಬರೆಯಬಹುದು.

ಒಂದು ಉದಾಹರಣೆ ಕೇಳು. ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ 1931ರಲ್ಲಿ ವಿಯೆನ್ನಾದ ಲೋಬ್ಮೈರ್ ಎಂಬ ಗಾಜಿನ ಕಂಪನಿಗೆ ಲೋಟಗಳ ಒಂದು ಸೆಟ್ ಮಾಡಿಕೊಟ್ಟರು. ಅಲಂಕಾರ ಬೇಡ ಅಂತ ಜೋರಾಗಿ ವಾದಿಸಿದ ಮನುಷ್ಯ ಅವರು. ಲೋಟದ ಮೈ ನೇರ, ನುಣುಪು. ಕೆಲಸವೆಲ್ಲ ತಳದಲ್ಲಿದೆ: ಒತ್ತೊತ್ತಾಗಿ ಕೊರೆದ ಪುಟ್ಟ ಚೌಕಗಳು. ಸುಮಾರು 80 ವರ್ಷದ ನಂತರ ಸ್ಟೀಫನ್ ಸಾಗ್‌ಮೈಸ್ಟರ್ ಎಂಬ ಡಿಸೈನರ್ ಅದೇ ಲೋಟ ಎತ್ತಿಕೊಂಡರು. ಆಕಾರ ಮುಟ್ಟಲಿಲ್ಲ. ತಳದಲ್ಲಿ ಮಾತ್ರ ಕ್ರೈಸ್ತ ಸಂಪ್ರದಾಯ ಹೇಳುವ ಏಳು ಪಾಪ, ಏಳು ಸದ್ಗುಣಗಳ ಚಿತ್ರ ತಂದರು. ಲೋಟ ಖಾಲಿಯಾಗುತ್ತಾ ಬಂದಂತೆ ಕುಡಿಯುವವನ ಕಣ್ಣಿಗೆ ಅದು ಬೀಳುತ್ತದೆ. ಕಪಾಟಿನ ಮುಂದೆ ನೆಟ್ಟಗೆ ನಿಂತವನಿಗೆ ಲೋಟದ ಪಕ್ಕ ಮಾತ್ರ ಕಾಣುತ್ತದೆ. ನೀನು ಹಾಗೆ ನಿಂತೇ ಬರೆದಿದ್ದೀಯ ಅನ್ನಿಸಿತು.

ಇನ್ನೂ ಹಿಂದಕ್ಕೆ ಹೋದರೆ, ಒಂದನೇ ಶತಮಾನದಲ್ಲಿ ಎನ್ನಿಯಾನ್ ಎಂಬ ಗಾಜಿನ ಕೆಲಸಗಾರನಿದ್ದ. ಅಚ್ಚಿನೊಳಗೆ ಗಾಜು ಊದುತ್ತಿದ್ದ. ಅಚ್ಚಿನಲ್ಲೇ ಅಕ್ಷರ ಕೊರೆದಿದ್ದರಿಂದ ಪ್ರತಿ ಬಟ್ಟಲಿನ ಮೇಲೂ 'ಎನ್ನಿಯಾನ್ ಮಾಡಿದ್ದು' ಅಂತ ಗ್ರೀಕ್‌ನಲ್ಲಿ ಉಬ್ಬಿ ಬರುತ್ತಿತ್ತು. ಕೆಲವು ಬಟ್ಟಲುಗಳ ಮೇಲೆ ಕೊಂಡವನ ನೆನಪು ಉಳಿಯಲಿ ಎಂಬ ಹಾರೈಕೆಯೂ ಇದೆ. ಅದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಕೊಂಡವನ ಹೆಸರು ಯಾರಿಗೂ ಗೊತ್ತಿಲ್ಲ, ಹಾರೈಕೆ ಮಾತ್ರ ಉಳಿದಿದೆ.

ಇನ್ನೊಂದು ಸಲ ಹೋಗು. ಲೋಟದ ಕೆಳಗೆ ಇಟ್ಟಿರುವ ವಿವರದ ಚೀಟಿ ಆಮೇಲೆ ಓದು. ಮಂಡಿಯೂರಿ ಕೂತು ತಳ ನೋಡು. ಅಂಚು ತಿದ್ದುವಾಗ ಬಿಸಿ ಲೋಟವನ್ನು ತಳದ ಕಡೆ ಕಬ್ಬಿಣದ ಸರಳಿಗೆ ಅಂಟಿಸಿ ಹಿಡಿದಿರುತ್ತಾರೆ. ಮುರಿದು ಬಿಡಿಸಿದ ಜಾಗದಲ್ಲಿ ಒರಟು ಗುರುತು ಉಳಿಯುತ್ತದೆ. ಕೆಲವರು ಅದನ್ನು ಉಜ್ಜಿ ಅಳಿಸುತ್ತಾರೆ, ಕೆಲವರು ಹಾಗೇ ಬಿಡುತ್ತಾರೆ. ನಿನ್ನ ಡಿಸೈನರ್ ಏನು ಮಾಡಿದ್ದಾರೆ? ಪಕ್ಕದ ಹಳೆಯ ಲೋಟದಲ್ಲಿ ಹೇಗಿದೆ? ಅಂಚು ತುಟಿಗೆ ತೆಳುವಾಗಿ ತಾಗೀತಾ, ದಪ್ಪಗಾ? ಗಾಜಿನೊಳಗೆ ಗುಳ್ಳೆ ಇದ್ದರೆ ಎಲ್ಲಿದೆ?

ಅಷ್ಟನ್ನು ನೋಡಿಕೊಂಡು ಬಾ. ಮೊದಲ ಪ್ಯಾರಾ ಅಲ್ಲಿಂದಲೇ ಶುರು ಮಾಡಿ ನನಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ