ಪಹಣಿಯಲ್ಲಿ ಹೆಸರಿಲ್ಲದವರ ಪಾಲೆಲ್ಲಿ? ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ,

ಗೌರವಪೂರ್ವಕ ವಂದನೆಗಳು.

ಪಾವಗಡದ ಸೌರ ಪಾರ್ಕನ್ನು ಇನ್ನಷ್ಟು ಜಮೀನಿಗೆ ವಿಸ್ತರಿಸುವ ಮಾತು ಮತ್ತೆ ಮತ್ತೆ ಕೇಳಿಬರುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಉತ್ತರಕ್ಕಾಗಿ ಕಾದು ವರ್ಷಗಳೇ ಉರುಳಿದ ಮೇಲೆ, ಎಲ್ಲರಿಗೂ ಕಾಣುವಂತೆ ಬರೆಯುವುದೊಂದೇ ದಾರಿ ಉಳಿದಿದೆ. ಬೇಡಿಕೆ ಒಂದೇ: ಹೊಸದಾಗಿ ಒಂದೇ ಒಂದು ಎಕರೆಗೆ ಗುತ್ತಿಗೆ ಪತ್ರ ಮಾಡಿಕೊಳ್ಳುವ ಮೊದಲು, ಆ ನೆಲದಲ್ಲಿ ದುಡಿದು ಬದುಕುತ್ತಿರುವ ಭೂರಹಿತರ ಪಾಲನ್ನೂ ಅದರಲ್ಲಿ ಬರೆಯಿರಿ.

ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಈ ಪಾರ್ಕಿನ ಬಗ್ಗೆ ತಮಗೆ ನಾನು ಹೇಳಬೇಕಾದ್ದೇನಿಲ್ಲ. 2018ರ ಮಾರ್ಚ್‌ನಲ್ಲಿ ಮೊದಲ ಹಂತದ ಉದ್ಘಾಟನೆಯಾದಾಗ ನಮ್ಮ ಕಡೆಯವರೂ ಹೋಗಿ ನಿಂತು ನೋಡಿದ್ದರು. ರೈತರ ಜಮೀನನ್ನು ಕಿತ್ತುಕೊಳ್ಳದೆ, ಒಡೆತನ ಅವರಲ್ಲೇ ಉಳಿಸಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆಯೊಂದಿಗೆ ಗುತ್ತಿಗೆ ಪಡೆದದ್ದು ಒಳ್ಳೆಯ ಕ್ರಮವೆಂದೇ ನಾನು ಈಗಲೂ ಹೇಳುತ್ತೇನೆ. ಮಳೆ ಕೈಕೊಟ್ಟು, ಕೊಳವೆಬಾವಿ ಬತ್ತಿ, ಸಾಲದಲ್ಲಿ ಮುಳುಗಿದ್ದ ಎಷ್ಟೋ ಮನೆಗಳು ಆ ಹಣದಿಂದ ತಲೆ ಎತ್ತಿವೆ. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ.

ನನ್ನ ಮಾತು ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರದು. ನಮ್ಮ ಮನೆಗೆ ಒಂದು ಗುಂಟೆ ಜಮೀನೂ ಇಲ್ಲ. ಕಡಲೆಕಾಯಿ ಕೀಳುವ ಕಾಲಕ್ಕೆ ನಮ್ಮ ತಾಯಿಗೆ ಬಿಡುವೇ ಇರುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ಹೊಲ ಸೇರಿದರೆ, ಗಿಡ ಕಿತ್ತು, ಮಣ್ಣು ಒದರಿ, ಗುಪ್ಪೆ ಹಾಕಿ, ಕಾಯಿ ಬಿಡಿಸಿ, ಸಂಜೆ ಕೂಲಿಯ ಜೊತೆಗೆ ಸೆರಗಿನಲ್ಲಿ ನಾಲ್ಕು ಹಿಡಿ ಕಾಯಿ ಕಟ್ಟಿಕೊಂಡು ಬರುತ್ತಿದ್ದರು. ಬೆಳೆ ಎತ್ತಿದ ಮೇಲೆ ಹಕ್ಕಲು ಆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಒಣಗಿದ ನೆಲವನ್ನು ಕುರ್ಚಿಗೆಯಿಂದ ಕೆದಕಿ, ಮಣ್ಣಿನಲ್ಲಿ ಉಳಿದ ಕಾಯಿಗಳನ್ನು ಆಯ್ದು ತಂದರೆ ಮನೆಯ ಎಣ್ಣೆಗೆ ಸಾಲುತ್ತಿತ್ತು. ನಮ್ಮ ಚಿಕ್ಕಪ್ಪನ ಕುರಿಗಳು ಅದೇ ಬೀಳು ನೆಲದಲ್ಲಿ ಮೇಯುತ್ತಿದ್ದವು. ಬೇಲಿ ಬಿದ್ದ ವರ್ಷ ಅವನ್ನು ಸಿಕ್ಕಿದ ಬೆಲೆಗೆ ಮಾರಿದ ಚಿಕ್ಕಪ್ಪ ಈಗ ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಗೇಟು ಕಾಯುತ್ತಾರೆ. ಇದ್ಯಾವುದೂ ಯಾವ ಕಡತದಲ್ಲೂ ನಷ್ಟವೆಂದು ದಾಖಲಾಗಿಲ್ಲ, ಏಕೆಂದರೆ ಇದ್ಯಾವುದಕ್ಕೂ ಸರ್ವೆ ನಂಬರ್ ಇಲ್ಲ.

ಪಾರ್ಕ್ ಬಂದರೆ ಕೆಲಸ ಸಿಗುತ್ತದೆ ಎಂದಿದ್ದರು. ಕಾಮಗಾರಿ ನಡೆಯುವಾಗ ಸಿಕ್ಕಿತು, ನಿಜ. ಅದು ಮುಗಿದ ಮೇಲೆ ಉಳಿದದ್ದು ಹುಲ್ಲು ಕೊಯ್ಯುವ, ಫಲಕ ಒರೆಸುವ, ಕಾವಲು ಕಾಯುವ ಕೆಲಸಗಳು. ಅವೂ ಗುತ್ತಿಗೆದಾರನ ಮರ್ಜಿಯಲ್ಲಿ.

ತರಬೇತಿ ಮತ್ತು ನೆರವು ಕೊಡುತ್ತಾರೆಂಬ ಸುದ್ದಿ ನಂಬಿ ನಾನೂ ತಾಯಿಯೂ ಒಂದು ಕಚೇರಿಗೆ ಹೋಗಿದ್ದೆವು. ಆಧಾರ್, ಪಡಿತರ ಚೀಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಎಲ್ಲವನ್ನೂ ಜೋಡಿಸಿಕೊಂಡು ಸರದಿಯಲ್ಲಿ ನಿಂತು ಒಳಗೆ ಹೋದರೆ, ಮೇಜಿನಾಚೆ ಕುಳಿತಿದ್ದವರು ಕಾಗದಗಳನ್ನು ತಿರುವಿ ಹಾಕಿ, 'ಪಹಣಿ ಎಲ್ಲಿ?' ಎಂದರು. ನಮಗೆ ಜಮೀನಿಲ್ಲ, ಅದಕ್ಕೇ ಬಂದಿದ್ದೇವೆ ಎಂದೆ. ಪಾರ್ಕಿನಿಂದ ಬಾಧಿತರು ಎನ್ನುವುದಕ್ಕೆ ಪಹಣಿ ಇಲ್ಲದೆ ಆಗದು ಎಂದರು. ಅಂದರೆ, ಭೂಮಿ ಇಲ್ಲದವರು ತಮಗೆ ಭೂಮಿ ಇಲ್ಲವೆಂದು ತೋರಿಸಲು ಭೂಮಿಯ ದಾಖಲೆ ತರಬೇಕು! ನಾನು ಧ್ವನಿ ಏರಿಸಿದ್ದನ್ನು ಕೇಳಿ ಒಳಗಿನ ಕೋಣೆಯಿಂದ ಹೊರಬಂದ ಅಧಿಕಾರಿ ಮಹಾಶಯರು, ನನ್ನನ್ನಲ್ಲ, ನನ್ನ ತಾಯಿಯನ್ನು ನೋಡಿ, 'ಜಮೀನೇ ಇಲ್ಲದ ಮೇಲೆ ನೀನು ಕಳೆದುಕೊಂಡಿದ್ದೇನಮ್ಮ?' ಎಂದು ಕೇಳಿದರು. ಸುತ್ತ ನಿಂತಿದ್ದವರಲ್ಲಿ ಇಬ್ಬರು ನಕ್ಕರು. ಅರುವತ್ತು ದಾಟಿದ, ಆ ಹೊಲಗಳ ಒಂದೊಂದು ಬದುವನ್ನೂ ಬಲ್ಲ ನನ್ನ ತಾಯಿ ತಲೆ ತಗ್ಗಿಸಿ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಉತ್ತರ ನಾನು ಕೊಟ್ಟೆ. ಅದು ಸಚಿವರಿಗೆ ಬರೆಯುವ ಪತ್ರದಲ್ಲಿ ಬರೆಯುವಂಥದ್ದಲ್ಲ.

ಆ ಅಧಿಕಾರಿಗೆ ತಿಳಿಯದಿದ್ದರೂ ತಮಗೆ ತಿಳಿದಿರುತ್ತದೆ: ಅವರ ಪ್ರಶ್ನೆಗೆ ಸಂಸತ್ತು 2013ರಲ್ಲೇ ಉತ್ತರ ಬರೆದಿದೆ. ಆ ವರ್ಷದ ಭೂಸ್ವಾಧೀನ ಕಾಯ್ದೆಯ ಪ್ರಕಾರ, ಸ್ವಂತ ಜಮೀನಿಲ್ಲದಿದ್ದರೂ, ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಅಲ್ಲಿ ದುಡಿದು ಅದರಿಂದಲೇ ಮುಖ್ಯವಾಗಿ ಬದುಕುತ್ತಿದ್ದ ಕೃಷಿ ಕೂಲಿಕಾರರ, ಪಾಲುಗಾರರ ಕುಟುಂಬವೂ ಬಾಧಿತ ಕುಟುಂಬವೇ. ಆದರೆ ಇಲ್ಲಿ ನಡೆದದ್ದು ಸ್ವಾಧೀನವಲ್ಲ, ಗುತ್ತಿಗೆ. ಆದ್ದರಿಂದ ಆ ಕಾಯ್ದೆ ನಮಗೆ ಅನ್ವಯಿಸಲಿಲ್ಲ, ಅದು ಕಡ್ಡಾಯ ಮಾಡಿರುವ ಸಾಮಾಜಿಕ ಪರಿಣಾಮದ ಅಧ್ಯಯನದ ಪ್ರಶ್ನೆಯೂ ಏಳಲಿಲ್ಲ. ಸೌರ ವಿದ್ಯುತ್ ಯೋಜನೆಗಳಿಗೆ ಪರಿಸರ ಅನುಮತಿಯ ಅಗತ್ಯವಿಲ್ಲವಾದ್ದರಿಂದ ಅದರ ಭಾಗವಾಗಿ ನಡೆಯಬೇಕಿದ್ದ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಇನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಬೇರೆಯವರ ಹೊಲ ಮಾಡುತ್ತಿದ್ದವರ ಗತಿ ಕೇಳಲೇಬೇಡಿ. ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ಆದ ತಿದ್ದುಪಡಿಯ ನಂತರ ಗೇಣಿಯೇ ಕಾನೂನುಬಾಹಿರವಾಗಿರುವಾಗ, ತಲೆಮಾರುಗಳಿಂದ ಬೇರೆಯವರ ಹೊಲ ಉತ್ತವನ ಕೈಯಲ್ಲಿ ಕಾಗದ ಎಲ್ಲಿಂದ ಬರಬೇಕು? ಒಂದೊಂದು ನಿಯಮಕ್ಕೂ ಅದರದೇ ಕಾರಣವಿದ್ದೀತು. ಎಲ್ಲವೂ ಕೂಡಿ ನಮ್ಮನ್ನು ಹೊರಗಿಟ್ಟಿವೆ.

ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರ ತೀರ್ಪಿನಲ್ಲಿ ಹೇಳಿದೆ. ಆ ಪ್ರಕರಣ ರಾಜಸ್ಥಾನ, ಗುಜರಾತಿನ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತಿದ್ದ ಎರೆಭೂತ ಹಕ್ಕಿಯದು. ಹಕ್ಕಿಯ ಪರ ವಾದಿಸುವವರು ಇದ್ದದ್ದು ಸಂತೋಷ. ನಮ್ಮ ಕುರಿ ಕಾಯುವವರಿಗೆ ಅಷ್ಟು ಪುಣ್ಯವಿಲ್ಲ. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯೂ ಹೊಸ ಇಂಧನದತ್ತ ಹೊರಳುವಾಗ ದುಡಿಯುವವರಿಗೆ ನ್ಯಾಯ ಸಿಗಬೇಕೆನ್ನುತ್ತದೆ. ಹವಾಮಾನ ಸಮ್ಮೇಳನಗಳಲ್ಲಿ ಪಾವಗಡದ ಹೆಸರನ್ನು ಹೆಮ್ಮೆಯಿಂದ ಹೇಳುವಾಗ, ನೀಲಿ ಫಲಕಗಳ ಚಿತ್ರ ತೋರಿಸುವಾಗ, ಚಿತ್ರದ ಆಚೆ ಬೇಲಿಯ ಹೊರಗೆ ನಿಂತವರನ್ನೂ ಒಮ್ಮೆ ನೆನೆಯಿರಿ.

ಯಾರು ಭೂರಹಿತರೆಂದು ಗುರುತಿಸುವುದು ಕಷ್ಟ ಎಂದು ಅಧಿಕಾರಿಗಳು ತಮಗೆ ಹೇಳುತ್ತಾರೆ. ಕಷ್ಟವಿಲ್ಲ, ಸ್ವಾಮಿ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡುಗಳ ಪಟ್ಟಿ ಪಂಚಾಯಿತಿಯಲ್ಲಿದೆ. ಯಾರ ಕುರಿಗಳಿಗೆ ಯಾವಾಗ ಲಸಿಕೆ ಹಾಕಿದರೆಂಬುದು ಪಶು ಆಸ್ಪತ್ರೆಯವರಿಗೆ ಗೊತ್ತು. ಗ್ರಾಮಸಭೆಯಲ್ಲಿ ಒಂದು ಸಲ ಓದಿದರೆ ಸುಳ್ಳು ಹೆಸರು ಯಾವುದೆಂದು ಊರೇ ಹೇಳುತ್ತದೆ. ರೈತರಿಂದ ಜಮೀನು ಗುತ್ತಿಗೆ ಪಡೆದು ಅದನ್ನು ವಿದ್ಯುತ್ ಕಂಪನಿಗಳಿಗೆ ಗುತ್ತಿಗೆ ಕೊಡುವುದು ಸರ್ಕಾರದ್ದೇ ನಿಗಮವಾದ್ದರಿಂದ, ಮಾರಿದ ಪ್ರತಿ ಯೂನಿಟ್‌ನ ಆದಾಯದಿಂದ ಇಂತಿಷ್ಟು ಪೈಸೆ ಭೂರಹಿತ ಕುಟುಂಬಗಳ ಖಾತೆಗೆ ಹೋಗಬೇಕು ಎಂಬ ಷರತ್ತು ಸೇರಿಸಲು ತಾವೇ ಮುಂದಾಗಬಹುದು. ಹೊರದೇಶಗಳಲ್ಲಿ ಫಲಕಗಳ ಸಾಲುಗಳ ನಡುವೆ ಕುರಿ ಮೇಯಲು ಬಿಡುತ್ತಾರೆ. ಇಲ್ಲಿಯೂ ಬಿಟ್ಟರೆ ಹುಲ್ಲು ಕೊಯ್ಯುವ ಖರ್ಚೇ ಉಳಿಯುತ್ತದೆ.

ಗುತ್ತಿಗೆಯ ಅವಧಿ 25 ವರ್ಷಕ್ಕೂ ಮೀರಿದ್ದು. ಒಮ್ಮೆ ಸಹಿ ಬಿದ್ದರೆ ಈಗ ಶಾಲೆಗೆ ಹೋಗುತ್ತಿರುವ ಮಕ್ಕಳು ನಡುವಯಸ್ಸಿಗೆ ಬರುವವರೆಗೂ ಅದನ್ನು ತಿದ್ದಲಾಗದು. ಆದ್ದರಿಂದಲೇ ಸಹಿಗೆ ಮೊದಲು ಎನ್ನುತ್ತಿದ್ದೇನೆ. ಭೂರಹಿತರ ಪಾಲು ಹೊಸ ಗುತ್ತಿಗೆ ಪತ್ರದೊಳಗೇ ಇರಲಿ, ಹಳೆಯ ಐದು ಗ್ರಾಮಗಳ ಕೂಲಿಕಾರರಿಗೂ ಅದು ಅನ್ವಯವಾಗಲಿ, ಮತ್ತು ಇದಕ್ಕೆ ತಾವು ಒಪ್ಪುತ್ತೀರೋ ಇಲ್ಲವೋ ಎಂಬುದು ಲಿಖಿತವಾಗಿ ತಿಳಿಯಲಿ.

ದಯವಿಟ್ಟು ಈ ಪತ್ರದ ಮೇಲೆ 'ಸೂಕ್ತ ಕ್ರಮಕ್ಕಾಗಿ' ಎಂದು ಷರಾ ಬರೆದು ಕೆಳಗಿನ ಕಚೇರಿಗೆ ಕಳುಹಿಸಬೇಡಿ. ಅಲ್ಲಿ ಪಹಣಿ ಕೇಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಪಾವಗಡ ತಾಲ್ಲೂಕಿನ ಭೂರಹಿತ ಕೂಲಿ ಕುಟುಂಬವೊಂದರ ಮಗಳು